ಫ್ಲಾಪಿಯಲ್ಲಿ ಊರೂರು ಸುತ್ತಿದ ಪುಕ್ಕಟೆ ಪ್ರೋಗ್ರಾಮುಗಳು

ಮೊಬೈಲಿನಲ್ಲಿ ಒಂದು ಫೋಟೊ ಕಳಿಸುತ್ತೇವೆ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ನಿಲ್ಲುತ್ತದೆ, ಸಿಗ್ನಲ್ ಬಂದ ಮೇಲೆ ಮತ್ತೆ ಹೊರಡುತ್ತದೆ. ಆ ಕಡೆಯವರಿಗೆ ತಲುಪಿದ ಫೋಟೊದಲ್ಲಿ ಮೂಗೊಂದು ಕಾಣೆಯಾಗಿದೆ ಎಂದು ಯಾರೂ ದೂರುವುದಿಲ್ಲ. ಕಳಿಸಿದ್ದು ಸರಿಯಾಗಿ ಬಂತೇ ಎಂದು ಯಂತ್ರಗಳೇ ತಮ್ಮತಮ್ಮಲ್ಲಿ ಕೇಳಿಕೊಳ್ಳುತ್ತವೆ. ಮನೆಯಲ್ಲಿಟ್ಟುಕೊಳ್ಳುವ ಸಣ್ಣ ಕಂಪ್ಯೂಟರುಗಳಿಗೆ ಈ ಕೇಳಿಕೊಳ್ಳುವ ಅಭ್ಯಾಸ ಕಲಿಸಿದವರಲ್ಲಿ ಮೊದಲಿಗರು ಅಮೆರಿಕದ ಷಿಕಾಗೊದವರಾದ ವಾರ್ಡ್ ಕ್ರಿಸ್ಟೆನ್ಸನ್. 1977ರಲ್ಲಿ ಬರೆದ ಆ ಪ್ರೋಗ್ರಾಮನ್ನು ಅವರು ಮಾರಲಿಲ್ಲ. ಕಂಪ್ಯೂಟರ್ ಬಳಕೆದಾರರ ಸಂಘವೊಂದಕ್ಕೆ ಕೊಟ್ಟುಬಿಟ್ಟರು.

ಯಾಕೆ ಕೊಟ್ಟರು, ಕೊಟ್ಟದ್ದು ಏನಾಯಿತು ಎಂದು ತಿಳಿಯಲು ಎರಡು ವರ್ಷ ಹಿಂದೆ ಹೋಗಬೇಕು.

1975ರಲ್ಲಿ ಆಲ್ಟೇರ್ ಎಂಬ ಕಂಪ್ಯೂಟರ್ ಬಿಡಿಭಾಗಗಳ ಪೆಟ್ಟಿಗೆಯಾಗಿ ಅಂಚೆಯಲ್ಲಿ ಸಿಗತೊಡಗಿತು. ಕೊಂಡವರೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು. ಜೋಡಿಸಿದ ಮೇಲೆ ಮಾಡುವುದೇನು? ಓಡಿಸಲು ಪ್ರೋಗ್ರಾಮುಗಳೇ ಇರಲಿಲ್ಲ. ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಅದಕ್ಕೊಂದು ಬೇಸಿಕ್ ಭಾಷೆ ಸಿದ್ಧಪಡಿಸಿದರು. ಕಾಗದದ ಪಟ್ಟಿಗೆ ತೂತು ಹೊಡೆದ ರೂಪದಲ್ಲಿ ಅದು ಬರುತ್ತಿತ್ತು. ಹವ್ಯಾಸಿಗಳು ಆ ಪಟ್ಟಿಯನ್ನೇ ನಕಲು ಮಾಡಿ ಹಂಚಿಕೊಂಡರು. 1976ರ ಫೆಬ್ರವರಿ 3ರಂದು ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದರು. ಆಗ ಅವರಿಗೆ 20 ವರ್ಷ. ಆಲ್ಟೇರ್ ಇರುವವರಲ್ಲಿ ನೂರಕ್ಕೆ ಹತ್ತು ಮಂದಿಯೂ ಬೇಸಿಕ್ ಕೊಂಡಿಲ್ಲ, ನಮ್ಮ ದುಡಿಮೆಗೆ ಗಂಟೆಗೆ 2 ಡಾಲರೂ ಗಿಟ್ಟಿಲ್ಲ, ಹೀಗಾದರೆ ಒಳ್ಳೆಯ ಪ್ರೋಗ್ರಾಮನ್ನು ಪುಕ್ಕಟೆ ಬರೆದುಕೊಡುವವರು ಯಾರು ಎಂಬುದು ಪತ್ರದ ತಿರುಳು.

ಕೇಳಿದ್ದು ನ್ಯಾಯವಾಗಿಯೇ ಇತ್ತು ಎಂದು ನಮಗೆ ಅನ್ನಿಸುತ್ತದೆ. ಬೆವರು ಸುರಿಸಿದವನಿಗೆ ಕೂಲಿ ಬೇಡವೇ? ಆದರೆ ಪುಕ್ಕಟೆ ಬರೆದುಕೊಡುವವರು ಯಾರು ಎಂಬ ಮಾತಿಗೆ ಉತ್ತರ ಬೇರೆ ಕಡೆಯಿಂದ ಬಂತು. ಬರೆದುಕೊಡುವವರು ಇದ್ದರು, ತಮಗೆ ಬೇಕಾದದ್ದನ್ನು ತಾವೇ ಬರೆಯುತ್ತಿದ್ದರು.

ಕ್ಯಾಲಿಫೋರ್ನಿಯದ ಗ್ಯಾರಿ ಕಿಲ್ಡಾಲ್ 1974ರಲ್ಲಿ ಸಿಪಿ/ಎಂ ಎಂಬ ವ್ಯವಸ್ಥೆಯನ್ನು ಬರೆದಿದ್ದರು. ಇಂದಿನ ಫೋನಿಗೆ ಆಂಡ್ರಾಯ್ಡ್ ಇದ್ದಂತೆ ಅಂದಿನ ಹಲವು ಕಂಪನಿಗಳ ಯಂತ್ರಗಳಿಗೆ ಅದು. ಅದನ್ನು ಬಳಸುವವರು ಸೇರಿ ಕಟ್ಟಿಕೊಂಡದ್ದು ಸಿಪಿ/ಎಂ ಬಳಕೆದಾರರ ಸಂಘ. ಯಾರಾದರೂ ತಾವು ಬರೆದ ಪ್ರೋಗ್ರಾಮನ್ನು ಸಂಘಕ್ಕೆ ಕಳಿಸಬಹುದು. ಒಂದು ಫ್ಲಾಪಿ ತುಂಬುವಷ್ಟಾದಾಗ ಅದಕ್ಕೆ ಸಂಪುಟದ ಅಂಕಿ ಕೊಟ್ಟು, ಪಟ್ಟಿ ಬರೆದು, ಕೇಳಿದವರಿಗೆ ನಕಲು ಕಳಿಸುತ್ತಿದ್ದರು. ಪ್ರೋಗ್ರಾಮಿಗೆ ಬೆಲೆಯಿಲ್ಲ. ಫ್ಲಾಪಿ, ನಕಲು, ಅಂಚೆಯ ಖರ್ಚು ಕೇಳಿದವರದ್ದು. ಒಂದು ಊರಿನ ಕ್ಲಬ್ಬಿಗೆ ಒಂದು ಪ್ರತಿ ಬಂದರೆ ಸಾಕು, ಸಭೆಗೆ ಬಂದವರೆಲ್ಲ ನಕಲು ಮಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಗೆ ಹೆಪ್ಪು ಕೊಟ್ಟರೆ ನಮ್ಮ ಮೊಸರಿನ ಗಡಿಗೆ ಖಾಲಿಯಾಗುವುದಿಲ್ಲವಲ್ಲ, ಹಾಗೆ.

ಆ ಫ್ಲಾಪಿ ಎಂಟು ಇಂಚಿನದು. ಜೋಳದ ರೊಟ್ಟಿಯಷ್ಟು ಅಗಲ, ಚೌಕದ ಕಪ್ಪು ಹೊದಿಕೆ, ಹಿಡಿದರೆ ಬಾಗುತ್ತದೆ. ಅದರಲ್ಲಿ 77 ಸುತ್ತು, ಸುತ್ತಿಗೆ 26 ಭಾಗ, ಭಾಗಕ್ಕೆ 128 ಅಕ್ಷರ, ಒಟ್ಟು ಎರಡೂವರೆ ಲಕ್ಷ ಚಿಲ್ಲರೆ. ಇಂದು ಫೋನಿನಲ್ಲಿ ತೆಗೆದ ಒಂದೇ ಫೋಟೊ ಇಡಲು ಅಂಥ ಹತ್ತಾರು ಫ್ಲಾಪಿ ಬೇಕಾದೀತು.

ಬರೆದವೆಲ್ಲ ದೊಡ್ಡ ಪ್ರೋಗ್ರಾಮುಗಳಲ್ಲ. ಸಿಪಿ/ಎಂನ ಜೊತೆ ಬರುತ್ತಿದ್ದ ಆದೇಶ ಫ್ಲಾಪಿಯಲ್ಲಿರುವ ಹೆಸರುಗಳನ್ನು ಹೇಗಿವೆಯೋ ಹಾಗೆ ತೋರಿಸುತ್ತಿತ್ತು, ಅಕಾರಾದಿಯೂ ಇಲ್ಲ, ಗಾತ್ರವೂ ಇಲ್ಲ. ಅದರಿಂದ ಬೇಸತ್ತವರು ಎಸ್‌ಡಿ ಎಂಬ ಪ್ರೋಗ್ರಾಮ್ ಬರೆದರು, ಹೆಸರುಗಳು ಸಾಲಾಗಿ ಗಾತ್ರದ ಸಮೇತ ಬಂದವು. ಫ್ಲಾಪಿಯ ಒಂದು ಕಡೆ ಹಾಳಾದರೆ ಇಡೀ ಫ್ಲಾಪಿಯನ್ನು ಎಸೆಯಬೇಕೇ? ಫೈಂಡ್‌ಬ್ಯಾಡ್ ಎಂಬುದು ಬಂತು. ಅದು ಹಾಳಾದ ಜಾಗಗಳನ್ನು ಹುಡುಕಿ, ಅಲ್ಲಿ ಈಗಾಗಲೇ ಒಂದು ಫೈಲು ಇದೆ ಎಂದು ನಮೂದಿಸಿಬಿಡುತ್ತಿತ್ತು. ಜೌಗು ಇರುವ ಮೂಲೆಗೆ ಬೇಲಿ ಹಾಕಿ ಉಳಿದ ಹೊಲ ಉತ್ತಂತೆ. ನಮಗೆ ಇವುಗಳಲ್ಲಿ ತುಂಬ ಹಿಡಿಸಿದ್ದು ಇದೇ.

ಇನ್ನು ಕ್ರಿಸ್ಟೆನ್ಸನ್ನರ ಪ್ರೋಗ್ರಾಮು. ಟೆಲಿಫೋನ್ ತಂತಿಯ ಮೇಲೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳಿಸುವುದು ಅದರ ಕೆಲಸ. ತಂತಿಯಲ್ಲಿ ಗರಗರ ಸದ್ದು ಬಂದರೆ ಅಕ್ಷರ ಕೆಡುತ್ತದೆ, ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ಕೆಟ್ಟರೂ ಅದು ಓಡುವುದಿಲ್ಲ. ಅವರು ಫೈಲನ್ನು 128 ಅಕ್ಷರಗಳ ಕಂತುಗಳಾಗಿ ತುಂಡು ಮಾಡಿದರು. ಫ್ಲಾಪಿಯ ಒಂದು ಭಾಗದ ಅಳತೆಯೂ ಅದೇ. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. 128 ಸಂಖ್ಯೆಗಳನ್ನು ಕೂಡಿಸಿ, ಮೊತ್ತವನ್ನು 256ರಿಂದ ಭಾಗಿಸಿ, ಉಳಿದ ಶೇಷವನ್ನು ಕಂತಿನ ಕೊನೆಗೆ ಅಂಟಿಸುವುದು. ಪಡೆದ ಯಂತ್ರವೂ ಕೂಡಿಸಿ ನೋಡುತ್ತದೆ. ತಾಳೆಯಾದರೆ 'ಸಿಕ್ಕಿತು' ಎಂಬ ಒಂದಕ್ಷರದ ಉತ್ತರ, ಇಲ್ಲವಾದರೆ 'ಮತ್ತೆ ಕಳಿಸು' ಎಂಬ ಇನ್ನೊಂದಕ್ಷರ. ಅಷ್ಟೇ.

ಇದರಲ್ಲಿ ಕೊರತೆಯೂ ಇತ್ತು. ಒಂದು ಕಡೆ ಹತ್ತು ಹೆಚ್ಚಾಗಿ ಇನ್ನೊಂದು ಕಡೆ ಹತ್ತು ಕಡಿಮೆಯಾದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ. (ಸಂಘ ಸಂಸ್ಥೆಗಳ ಲೆಕ್ಕಪತ್ರ ನೋಡಿದವರಿಗೆ ಈ ಚಮತ್ಕಾರ ಹೊಸದಲ್ಲ.) ಮುಂದೆ ಬೇರೆಯವರು ಇನ್ನೂ ಬಿಗಿಯಾದ ತಾಳೆಯ ಲೆಕ್ಕವನ್ನು ಸೇರಿಸಿದರು. ಒಂದೇ ಸಲಕ್ಕೆ ಹಲವು ಫೈಲು ಕಳಿಸುವ ಮೋಡೆಮ್7 ಬಂತು. ಕ್ರಿಸ್ಟೆನ್ಸನ್ ಇಟ್ಟ ಹೆಸರು ಮೋಡೆಮ್ ಎಂದಷ್ಟೇ. ಆ ವಿಧಾನಕ್ಕೆ ಎಕ್ಸ್‌ಮೋಡೆಮ್ ಎಂಬ ಹೆಸರು ಆಮೇಲೆ ನಿಂತಿತು.

ಬೇರೆಯವರು ತಿದ್ದಲು ಆದದ್ದು ಹೇಗೆ? ಅವರು ಪ್ರೋಗ್ರಾಮಿನ ಬರಹವನ್ನೇ, ಎಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲವನ್ನೇ ಕೊಟ್ಟಿದ್ದರು. ಅದನ್ನು ಬರೀ ಔದಾರ್ಯ ಎಂದು ಹೊಗಳುವುದು ಸರಿಯಲ್ಲ, ಅದಿಲ್ಲದೆ ಕೆಲಸವೇ ಆಗುತ್ತಿರಲಿಲ್ಲ. ಒಬ್ಬರ ಯಂತ್ರದಲ್ಲಿ ಟೆಲಿಫೋನ್ ತಂತಿ ಸೇರುವ ಬಾಗಿಲಿನ ಅಂಕಿ ಒಂದು, ಇನ್ನೊಬ್ಬರ ಯಂತ್ರದಲ್ಲಿ ಮತ್ತೊಂದು. ಪಡೆದವರು ಮೊದಲ ಸಾಲುಗಳಲ್ಲಿ ತಮ್ಮ ಯಂತ್ರದ ಅಂಕಿ ಬರೆದು, ಸಿಪಿ/ಎಂನ ಜೊತೆಗೇ ಬರುತ್ತಿದ್ದ ಸಲಕರಣೆಯಿಂದ ಪ್ರೋಗ್ರಾಮನ್ನು ಮತ್ತೆ ಕಟ್ಟಿಕೊಳ್ಳಬೇಕಿತ್ತು. ಹಾಗೆ ತೆರೆದು ನೋಡಿದವರಿಗೆ ತಪ್ಪು ಕಣ್ಣಿಗೆ ಬಿತ್ತು, ತಿದ್ದಿದರು, ತಿದ್ದಿದ್ದನ್ನು ವಾಪಸು ಕಳಿಸಿದರು.

1978ರ ಜನವರಿಯಲ್ಲಿ ಷಿಕಾಗೊದಲ್ಲಿ ಹಿಮ ಸುರಿದು ಓಡಾಟ ನಿಂತಾಗ ಕ್ರಿಸ್ಟೆನ್ಸನ್ ಮತ್ತು ಗೆಳೆಯ ರ‍್ಯಾಂಡಿ ಸೂಸ್ ಇನ್ನೊಂದು ಕೆಲಸಕ್ಕೆ ಕೈಹಾಕಿದರು. ಫೋನ್ ಮಾಡಿದ ಕಂಪ್ಯೂಟರಿಗೆ ಕಂಪ್ಯೂಟರೇ ಉತ್ತರಿಸಿ ಸಂದೇಶ ಬರೆದಿಡಲು ಬಿಡುವ ವ್ಯವಸ್ಥೆ ಅದು. ಫೆಬ್ರವರಿ 16ಕ್ಕೆ ಎಲ್ಲರಿಗೂ ತೆರೆಯಿತು. ಒಂದು ಸಲಕ್ಕೆ ಒಬ್ಬರೇ ಒಳಗೆ ಹೋಗಬಹುದು. ಇದೇ ಬಗೆಯಲ್ಲಿ, ಫೋನ್ ಮಾಡಿ ಪ್ರೋಗ್ರಾಮುಗಳನ್ನೇ ಇಳಿಸಿಕೊಳ್ಳುವ ಕಂಪ್ಯೂಟರುಗಳೂ ಹವ್ಯಾಸಿಗಳ ಮನೆಗಳಲ್ಲಿ ಎದ್ದವು. ಅಂದಿನ ವೇಗ ಸೆಕೆಂಡಿಗೆ 30 ಅಕ್ಷರ. ತುಂಬಿದ ಒಂದು ಫ್ಲಾಪಿ ಹೀಗೆ ಬರಲು ಎರಡು ಗಂಟೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಕು, ದೂರದ ಊರಾದರೆ ಅಷ್ಟು ಹೊತ್ತಿನ ಟ್ರಂಕ್ ಕಾಲಿನ ಬಿಲ್ಲೂ ಸೇರಿ. ಫ್ಲಾಪಿಯ ಅಂಚೆ ಅಗ್ಗವೇ ಆಗಿತ್ತು. 1981ರ ಸುಮಾರಿಗೆ ಫೈಲನ್ನು ಹಿಂಡಿ ಚಿಕ್ಕದು ಮಾಡುವ ಎಸ್‌ಕ್ಯೂ ಎಂಬ ಪುಕ್ಕಟೆ ಪ್ರೋಗ್ರಾಮು ಬಂದಾಗ ಬಿಲ್ಲು ಸ್ವಲ್ಪ ಇಳಿಯಿತು.

ಗೇಟ್ಸ್ ಕೇಳಿದ್ದಕ್ಕೆ ಮತ್ತೆ ಬರೋಣ. ಕ್ರಿಸ್ಟೆನ್ಸನ್ ಐಬಿಎಂ ಕಂಪನಿಯ ನೌಕರ, ತಿಂಗಳ ಸಂಬಳ ಬರುತ್ತಿತ್ತು. ಅವರಿಗೆ ಪ್ರೋಗ್ರಾಮು ಬಿಡುವಿನ ವೇಳೆಯ ಕೆಲಸ. ಪುಕ್ಕಟೆ ಕೊಡಲು ಮನಸ್ಸು ಬೇಕು ನಿಜ, ಹೊಟ್ಟೆಪಾಡಿಗೆ ಬೇರೆ ದಾರಿಯೂ ಇರಬೇಕು. ಇದನ್ನು ಬಿಟ್ಟು ಕತೆ ಹೇಳಿದರೆ ಅರ್ಧ ಹೇಳಿದಂತೆ. ಎಕ್ಸ್‌ಮೋಡೆಮನ್ನು ಮುಂದುವರಿಸಿ 1986ರಲ್ಲಿ ಝಡ್‌ಮೋಡೆಮ್ ರೂಪಿಸಿದ ಚಕ್ ಫೋರ್ಸ್‌ಬರ್ಗರಿಗೆ ಟೆಲಿನೆಟ್ ಎಂಬ ಕಂಪನಿ ಹಣ ಕೊಟ್ಟಿತ್ತು. ನಡುವೆ ಕಡಿದುಹೋದ ಫೈಲನ್ನು ನಿಂತಲ್ಲಿಂದಲೇ ಮುಂದುವರಿಸಲು ಅದರಿಂದ ಸಾಧ್ಯವಾಯಿತು. ವಿಧಾನ ಮಾತ್ರ ಎಲ್ಲರಿಗೂ ಮುಕ್ತವಾಗಿಯೇ ಉಳಿಯಿತು.

ಸೂಸ್ 2019ರಲ್ಲಿ, ಕ್ರಿಸ್ಟೆನ್ಸನ್ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಸಂಘದ ಸಂಪುಟಗಳನ್ನು ಹಳೆಯ ಫ್ಲಾಪಿಗಳಿಂದ ಎತ್ತಿ ಇಂಟರ್‌ನೆಟ್ಟಿನಲ್ಲಿ ಇಟ್ಟವರೂ ಆಸಕ್ತರೇ. ಫೋನಿನಲ್ಲೇ ತೆರೆದು ಓದಬಹುದು. ಅಂಥ ಫೈಲುಗಳ ಮೊದಲ ಸಾಲುಗಳಲ್ಲಿ ಯಾವ ತಾರೀಕಿಗೆ ಯಾರು ಏನನ್ನು ತಿದ್ದಿದರು ಎಂಬ ಪಟ್ಟಿ ಹಾಗೇ ಇದೆ.