ವಿಷ ಹೀರುವ ಪೈರು, ವಿಷ ಒಲ್ಲದ ಪೈರು

ನೋವಾದರೆ ಜಪಾನಿನವರು ‘ಇತಾಯ್’ ಎನ್ನುತ್ತಾರೆ. ತೊಯಾಮಾ ಪ್ರಾಂತ್ಯದ ಜಿಂಜು ನದಿಯ ಬಯಲಿನಲ್ಲಿ ಮೂಳೆ ಸವೆದು ಮುರಿಯುವ ಕಾಯಿಲೆಗೆ ಅದೇ ಹೆಸರಾಯಿತು: ಇತಾಯ್-ಇತಾಯ್. ಕಮಿಯೋಕಾ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಗದ್ದೆಗಿಳಿದು, ಭತ್ತಕ್ಕೇರಿ, ಅನ್ನದ ಬಟ್ಟಲು ಸೇರಿತ್ತು. 1968ರಲ್ಲಿ ಸರ್ಕಾರ ಇದನ್ನು ಮಾಲಿನ್ಯದ ರೋಗವೆಂದು ಒಪ್ಪಿತು. ಗದ್ದೆಗಳ ಮಣ್ಣು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ. ಇಷ್ಟೆಲ್ಲ ಆದರೂ ಭತ್ತ ಮಾತ್ರ ಬೆಳೆಯುತ್ತಲೇ ಇತ್ತು. ತಾಳಿಕೊಂಡದ್ದು ಗಿಡ, ಅನುಭವಿಸಿದ್ದು ಉಂಡವರು.

ಗಿಡಗಳ ಈ ತಾಳಿಕೆ ಮೊದಮೊದಲು ಬರೀ ಕುತೂಹಲದ ವಸ್ತುವಾಗಿತ್ತು. 1885ರಲ್ಲಿ ಜರ್ಮನಿಯ ಬೌಮನ್, ಸತುವಿನ ನೆಲದಲ್ಲಿ ಬೆಳೆದ ಗಿಡಗಳ ಒಣ ಎಲೆಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಸತು ಕಂಡ. 1976ರಲ್ಲಿ ಬಂದ ಸುದ್ದಿ ಇನ್ನೂ ಸೋಜಿಗದ್ದು. ನ್ಯೂ ಕ್ಯಾಲೆಡೋನಿಯಾ ದ್ವೀಪದ ಸೆಬರ್ಟಿಯಾ ಮರದ ತೊಗಟೆ ಕೆತ್ತಿದರೆ ನೀಲಿ-ಹಸಿರು ಹಾಲು ಒಸರುತ್ತದೆ. ಅದನ್ನು ಒಣಗಿಸಿ ನೋಡಿದರೆ ಕಾಲುಭಾಗ ನಿಕಲ್! ವಿಜ್ಞಾನಿ ಬ್ರೂಕ್ಸ್ ಮತ್ತು ಸಂಗಡಿಗರು ಇಂಥ ಗಿಡಗಳಿಗೊಂದು ಹೆಸರಿಟ್ಟರು. ನಾವು ‘ಅತಿಸಂಚಯಿ’ ಎನ್ನಬಹುದು. ವಿಷ ನುಂಗಿಯೂ ಗಿಡ ಉಳಿಯುವ ಗುಟ್ಟು ಕೋಶದೊಳಗಿದೆ. ಗಂಧಕವುಳ್ಳ ಪುಟ್ಟ ಪೆಪ್ಟೈಡುಗಳು ಕ್ಯಾಡ್ಮಿಯಂನಂಥ ಲೋಹವನ್ನು ಕಟ್ಟಿಹಾಕುತ್ತವೆ. ಆಮೇಲೆ ಅದನ್ನು ಕೋಶದ ಚೀಲವಾದ ರಸದಾನಿಗೆ ತಳ್ಳಿ ಕದ ಹಾಕಿದಂತೆ. ಆ ಪೆಪ್ಟೈಡುಗಳು ಕೈಗೆ ಸಿಕ್ಕಿದ್ದು 1985ರಲ್ಲಿ.

ಹಾಗಾದರೆ ಗಿಡ ಬೆಳೆಸಿ, ಕೊಯ್ದು, ಮಣ್ಣು ತೊಳೆಯಬಾರದೇಕೆ? ಅಮೆರಿಕದ ರೂಫಸ್ ಚೇನಿ 1983ರಲ್ಲಿ ಇದನ್ನು ಮುಂದಿಟ್ಟರು. ತೊಡಕಿರುವುದು ಲೆಕ್ಕದಲ್ಲಿ. ಅತಿಸಂಚಯಿಗಳಲ್ಲಿ ಹಲವು ಗೇಣುದ್ದದ ಗಿಡಗಳು. ಎಲೆಯಲ್ಲಿ ಎಷ್ಟೇ ಲೋಹವಿರಲಿ, ಕೊಯ್ಲು ಹಿಡಿಯಷ್ಟೇ. ಅದಕ್ಕೇ 1990ರ ದಶಕದಲ್ಲಿ ಕಣ್ಣು ಬೆಳೆಗಳತ್ತ ಹೊರಳಿತು. ರಟ್ಗರ್ಸ್ ವಿಶ್ವವಿದ್ಯಾಲಯದ ಇಲ್ಯಾ ರಾಸ್ಕಿನ್ ತಂಡ ಆರಿಸಿದ್ದು ನಮ್ಮ ಒಗ್ಗರಣೆಯ ಸಾಸಿವೆಯ ಬಳಗದ ಗಿಡವನ್ನೇ. ಆದರೆ ಅವರು ತೆಗೆಯಹೊರಟ ಸೀಸ ಮಣ್ಣಿಗೆ ಅಂಟಿಕೊಂಡು ಕೂರುತ್ತದೆ, ಬೇರಿಗೆ ಸಿಗುವುದಿಲ್ಲ. ಅದನ್ನು ಬಿಡಿಸಲು ಇಡಿಟಿಎ ಎಂಬ ರಾಸಾಯನಿಕ ಸುರಿದರು. ಸೀಸ ಗಿಡಕ್ಕೂ ಏರಿತು, ಅಂತರ್ಜಲದತ್ತಲೂ ಇಳಿಯತೊಡಗಿತು. ನನ್ನ ಮಟ್ಟಿಗೆ ಅದು ಕಸವನ್ನು ಪಕ್ಕದ ಮನೆಗೆ ಗುಡಿಸಿದ ಹಾಗೆ.

ಈ ಕ್ಷೇತ್ರದ ನಿಜವಾದ ತಿರುವು ಬಂದದ್ದು ಭತ್ತದಲ್ಲಿ. ಭತ್ತದ ಬೇರು ಮ್ಯಾಂಗನೀಸ್‌ಗೆಂದು ಇಟ್ಟುಕೊಂಡ ಬಾಗಿಲಲ್ಲೇ ಕ್ಯಾಡ್ಮಿಯಂ ಕೂಡ ನುಸುಳುತ್ತದೆ. ಒಳಬಂದದ್ದನ್ನು ಬೇರಿನ ರಸದಾನಿಯಲ್ಲೇ ಕೂಡಿಹಾಕುವ ಜೀನ್ 2010ರಲ್ಲಿ ಸಿಕ್ಕಿತು. 2012ರಲ್ಲಿ ಜಪಾನಿನ ವಿಜ್ಞಾನಿಗಳು ತಮ್ಮ ಮೆಚ್ಚಿನ ಕೊಶಿಹಿಕಾರಿ ತಳಿಗೆ ಕಾರ್ಬನ್ ಅಯಾನು ಕಿರಣ ಹಾಯಿಸಿ ಆ ಬಾಗಿಲನ್ನೇ ಕೆಡಿಸಿದರು. ಕಾಳಿಗೆ ಕ್ಯಾಡ್ಮಿಯಂ ಏರುವುದು ಹೆಚ್ಚುಕಡಿಮೆ ನಿಂತಿತು.

ಅದೇ ದೇಶದಲ್ಲಿ, ಅದೇ ಭತ್ತದಲ್ಲಿ, ಇದಕ್ಕೆ ತದ್ವಿರುದ್ಧ ಕೆಲಸವೂ ನಡೆದಿತ್ತು. ಕ್ಯಾಡ್ಮಿಯಂ ಬಾಚಿಕೊಳ್ಳುವ ಚೊಕೊಕೊಕು ಎಂಬ ತಳಿಯನ್ನು ಎರಡು ವರ್ಷ, ಗದ್ದೆಯ ನೀರು ಬಸಿದ ಮೇಲೆ ಮತ್ತೆ ಹಾಯಿಸದೆ, ಬೆಳೆದರು. ಮಣ್ಣಿನ ಕ್ಯಾಡ್ಮಿಯಂ ಶೇ. 38 ತಗ್ಗಿತು, ಆಮೇಲೆ ಬೆಳೆದ ಊಟದ ಭತ್ತದಲ್ಲಿ ಶೇ. 47. ತೊಳೆಯುವ ಗಿಡ ವಿಷವನ್ನು ಮೇಲೆತ್ತಬೇಕು, ಉಣ್ಣುವ ಗಿಡ ಕೆಳಗೇ ತಡೆಯಬೇಕು. ಎರಡನ್ನೂ ಒಂದೇ ಪೈರಿನಿಂದ ಬಯಸುವುದು ದುರಾಸೆ. ಮಣ್ಣು ತೊಳೆದ ಬೆಳೆಯ ಹುಲ್ಲನ್ನು ದನಕ್ಕೂ ಹಾಕುವಂತಿಲ್ಲ.

ಇನ್ನೊಂದು ಇಕ್ಕಟ್ಟು ನೀರಿನದು. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಸುಮ್ಮನಾಗುತ್ತದೆ, ಆದರೆ ಇನ್ನೊಂದು ವಿಷವಾದ ಆರ್ಸೆನಿಕ್ ಎದ್ದು ಬರುತ್ತದೆ. ಬಸಿದರೆ ಆರ್ಸೆನಿಕ್ ಅಡಗಿ ಕ್ಯಾಡ್ಮಿಯಂ ಏಳುತ್ತದೆ.

ಇನ್ನು ನಮ್ಮಲ್ಲಿ, ಬೆಂಗಳೂರಿನ ಕೊಳೆ ಹೊತ್ತ ವೃಷಭಾವತಿ ನದಿ ಬೈರಮಂಗಲ ಕೆರೆ ತುಂಬಿ ಹೊಲಗಳಿಗೆ ಹರಿಯುತ್ತದೆ. ಅಲ್ಲಿಯೂ ಬೆಳೆ ಹಸಿರಾಗಿಯೇ ಇದೆ. ನಮ್ಮ ರೈತರ ಕೈಗೆ ಬರುವ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ಅಳೆಯುತ್ತದೆ. ಅದರಲ್ಲಿ ಸತುವಿದೆ, ಮ್ಯಾಂಗನೀಸ್ ಇದೆ; ಕ್ಯಾಡ್ಮಿಯಂ ಇಲ್ಲ.