ಪೆಂಗ್ವಿನ್‌ಗೂ ಒಂದು ಪಾಲು

ಶಾಲೆಯ ಗಣಿತದಂತೆ ಕಾಣುವ ಒಂದು ಸಮೀಕರಣದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಒಂದು ನೀಲಿ ತಿಮಿಂಗಿಲವು ಎರಡು ಫಿನ್ ತಿಮಿಂಗಿಲಗಳಿಗೆ, ಅಥವಾ ಎರಡೂವರೆ ಹಂಪ್‌ಬ್ಯಾಕ್ ತಿಮಿಂಗಿಲಗಳಿಗೆ, ಅಥವಾ ಆರು ಸೇಯ್ ತಿಮಿಂಗಿಲಗಳಿಗೆ ಸಮ. ಇದು ಜೀವಶಾಸ್ತ್ರದ ಸೂತ್ರವಲ್ಲ, ಎಣ್ಣೆಯ ಸೂತ್ರ. ಯಾವ ಪ್ರಾಣಿಯಿಂದ ಎಷ್ಟು ಎಣ್ಣೆ ಇಳಿಯುತ್ತದೆ ಎಂಬುದಷ್ಟೇ ಇದರ ಆಧಾರ. 1946ರ ತಿಮಿಂಗಿಲ ಬೇಟೆ ಒಪ್ಪಂದದ ಬಳಿಕ ದಕ್ಷಿಣ ಸಾಗರದ ಬೇಟೆಯ ವಾರ್ಷಿಕ ಮಿತಿಯನ್ನು ಈ ಮಾನದಲ್ಲೇ ಅಳೆಯುತ್ತಿದ್ದರು. ಮೊದಲು ನಿಗದಿಯಾದದ್ದು 16,000 ಮಾನಗಳು. ಯಾವ ಜಾತಿ ಎಷ್ಟು ಉಳಿದಿದೆ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಸ್ಥಳವೇ ಇರಲಿಲ್ಲ. ದೊಡ್ಡದನ್ನು ಮೊದಲು ಹೊಡೆದರು. ಅದು ಸಿಗದಾದಾಗ ಅದಕ್ಕಿಂತ ಚಿಕ್ಕದನ್ನು.

ಇದೇ ಸಮುದ್ರದ ಬಗ್ಗೆ 1980ರಲ್ಲಿ ಬರೆದ ಇನ್ನೊಂದು ಒಪ್ಪಂದದಲ್ಲಿ, ಹಿಡಿಯುವ ಜೀವಿಯನ್ನು ತಿಂದು ಬದುಕುವ ಇತರ ಜೀವಿಗಳ ಹಕ್ಕನ್ನು ಕಾನೂನಿನ ಭಾಷೆಯಲ್ಲಿ ಒಪ್ಪಿಕೊಳ್ಳಲಾಯಿತು. ಮೂವತ್ತನಾಲ್ಕು ವರ್ಷಗಳಲ್ಲಿ ಮನುಷ್ಯನ ಬುದ್ಧಿ ಇಷ್ಟು ಬದಲಾದದ್ದು ಹೇಗೆ? ನನ್ನ ಮಟ್ಟಿಗೆ ಇದು ಯಾವ ಯುದ್ಧದ ಕಥೆಗಿಂತಲೂ ಕಡಿಮೆಯದಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಕ್ಯಾಪ್ಟನ್ ಜೇಮ್ಸ್ ಕುಕ್ 1775ರಲ್ಲಿ ಸೌತ್ ಜಾರ್ಜಿಯಾ ದ್ವೀಪವನ್ನು ಕಂಡು ಅಲ್ಲಿನ ಸೀಲ್‌ಗಳ ಸುದ್ದಿ ತಂದದ್ದೇ ನೆಪವಾಗಿ, ತುಪ್ಪಳಕ್ಕಾಗಿ ಹಡಗುಗಳು ಮುಗಿಬಿದ್ದವು. ಆ ಒಂದು ದ್ವೀಪದಿಂದಲೇ ಸುಮಾರು 12 ಲಕ್ಷ ಚರ್ಮಗಳು ಹೋಗಿವೆ ಎಂದು ನಾವಿಕ ಜೇಮ್ಸ್ ವೆಡೆಲ್ 1825ರಲ್ಲಿ ಅಂದಾಜು ಮಾಡಿದ. ಅನಂತರದ ಸರದಿ ತಿಮಿಂಗಿಲಗಳದ್ದು. 1904ರಲ್ಲಿ ನಾರ್ವೆಯ ಲಾರ್ಸೆನ್ ಅದೇ ದ್ವೀಪದಲ್ಲಿ ಬೇಟೆಯ ನೆಲೆ ಹೂಡಿದ. 1930-31ರ ಒಂದೇ ಋತುವಿನಲ್ಲಿ ಸುಮಾರು 29,000 ನೀಲಿ ತಿಮಿಂಗಿಲಗಳು ಹತವಾದವು.

ಇಲ್ಲೊಂದು ವಿಷಯವನ್ನು ಗಮನಿಸಬೇಕು. ಆ ಸಮುದ್ರದ ವಿಜ್ಞಾನಕ್ಕೆ ಹಣ ಬಂದದ್ದೂ ಈ ಬೇಟೆಯಿಂದಲೇ. 1925ರಲ್ಲಿ ಬ್ರಿಟನ್ ಆರಂಭಿಸಿದ 'ಡಿಸ್ಕವರಿ' ಸಂಶೋಧನೆಗಳಿಗೆ ತಿಮಿಂಗಿಲದ ಎಣ್ಣೆಯ ಮೇಲಿನ ಸುಂಕವೇ ಆಧಾರ. ತಿಮಿಂಗಿಲಗಳು ಎಲ್ಲಿ, ಯಾವಾಗ, ಏಕೆ ಸೇರುತ್ತವೆ ಎಂಬುದು ಸುಂಕ ಕೊಡುವವರಿಗೆ ಬೇಕಾದ ಪ್ರಶ್ನೆ. ಅದನ್ನು ಬೆನ್ನಟ್ಟಿದ ವಿಜ್ಞಾನಿಗಳು ಕ್ರಿಲ್ ಎಂಬ ಬೆರಳುದ್ದದ, ಸಿಗಡಿಯಂತಹ ಜೀವಿಯನ್ನು ದಶಕಗಳ ಕಾಲ ಅಭ್ಯಸಿಸಿದರು. ತಿಮಿಂಗಿಲ, ಸೀಲ್, ಪೆಂಗ್ವಿನ್, ಮೀನು ಎಲ್ಲಕ್ಕೂ ಅದೇ ಅನ್ನ ಎಂಬುದು ಖಚಿತವಾಯಿತು. ಕೊಲ್ಲುವವರ ಹಣದಿಂದಲೇ ಕಾಯುವವರ ಜ್ಞಾನ ಬೆಳೆದದ್ದು ಇತಿಹಾಸದ ವ್ಯಂಗ್ಯಗಳಲ್ಲೊಂದು.

1960ರ ದಶಕದಿಂದ ಸೋವಿಯತ್ ಹಡಗುಗಳು ಕ್ರಿಲ್ ಹಿಡಿಯುವ ಪ್ರಯೋಗ ನಡೆಸಿದವು. 'ಓಕಿಯಾನ್' ಎಂಬ ಹೆಸರಿನ ಕ್ರಿಲ್ ಪೇಸ್ಟ್ ಅಲ್ಲಿನ ಅಂಗಡಿಗಳಿಗೆ ಬಂತು. ಇದೇ ಕಾಲದಲ್ಲಿ ಒಂದು ವಾದ ಹುಟ್ಟಿತು: ತಿಮಿಂಗಿಲಗಳು ಅಳಿದಿರುವುದರಿಂದ ಅವು ತಿನ್ನುತ್ತಿದ್ದ ಕ್ರಿಲ್ ಮಿಕ್ಕಿದೆಯಲ್ಲವೇ? ವರ್ಷಕ್ಕೆ 15 ಕೋಟಿ ಟನ್ ಎಂಬ ಅಂದಾಜೂ 1977ರಲ್ಲಿ ಬಂತು. ಆಗ ಜಗತ್ತಿನ ಸಮುದ್ರಗಳೆಲ್ಲದರಿಂದ ಹಿಡಿಯುತ್ತಿದ್ದ ಮೀನಿನ ಎರಡು ಪಟ್ಟಿಗೂ ಅದು ಮಿಗಿಲು. ಹಸಿದ ಜಗತ್ತಿಗೆ ಅಕ್ಷಯಪಾತ್ರೆ ಸಿಕ್ಕಿತೆಂದು ಹಲವರು ಹಿಗ್ಗಿದರು. ಆದರೆ ಅದಕ್ಕೆ ಮೊದಲೇ ಒಂದು ಎಚ್ಚರಿಕೆ ಸಿಕ್ಕಿತ್ತು. 1969-70ರಲ್ಲಿ ಸೌತ್ ಜಾರ್ಜಿಯಾದ ಸುತ್ತ ಮಾರ್ಬಲ್ಡ್ ರಾಕ್‌ಕಾಡ್ ಎಂಬ ಮೀನನ್ನು ಸುಮಾರು 4 ಲಕ್ಷ ಟನ್ ಬಾಚಿದ್ದರು. ಎರಡೇ ಋತುಗಳಲ್ಲಿ ಆ ಸಂತತಿ ಕುಸಿದುಬಿತ್ತು.

ಅಂಟಾರ್ಕ್ಟಿಕ ಒಪ್ಪಂದದ ರಾಷ್ಟ್ರಗಳು 1977ರ ಲಂಡನ್ ಸಭೆಯಲ್ಲಿ ಮಾತುಕತೆಗೆ ನಿರ್ಧರಿಸಿದವು. 1980ರ ಮೇ 20ರಂದು ಕ್ಯಾನ್ಬೆರಾದಲ್ಲಿ ಹೊಸ ಒಪ್ಪಂದಕ್ಕೆ ಸಹಿಯಾಯಿತು. 1982ರ ಏಪ್ರಿಲ್ 7ರಂದು ಅದು ಜಾರಿಗೆ ಬಂತು. ಅದರ ಆಯೋಗದ ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್ ನಗರದಲ್ಲಿದೆ. ಭಾರತ 1985ರಲ್ಲಿ ಸೇರಿತು.

ಈ ಒಪ್ಪಂದದ ಗಡಿಯೇ ವಿಶೇಷ. ಭೂಪಟದಲ್ಲಿ ನೇರಗೆರೆ ಎಳೆದು ದೇಶಗಳನ್ನು ಹಂಚಿಕೊಂಡ ಕಥೆಗಳನ್ನು ನೀವೆಲ್ಲ ನನ್ನ ಪಾಠಗಳಲ್ಲಿ ಕೇಳಿದ್ದೀರಿ. ಇಲ್ಲಿ ದಕ್ಷಿಣದ ತಣ್ಣೀರು ಉತ್ತರದ ಬೆಚ್ಚನೆಯ ನೀರಿನ ಕೆಳಗೆ ಇಳಿಯುವ ವಲಯವನ್ನೇ ಗಡಿಯಾಗಿ ಹಿಡಿದರು. ಹಾಗಾಗಿ ಅದು ಕೆಲವೆಡೆ 60 ಡಿಗ್ರಿ ಅಕ್ಷಾಂಶದಲ್ಲಿದ್ದರೆ, ಕೆಲವೆಡೆ 45 ಡಿಗ್ರಿಯವರೆಗೂ ಮೇಲೇರುತ್ತದೆ. ಕ್ರಿಲ್‌ನ ಲೋಕ ಎಲ್ಲಿಯವರೆಗೋ ಕಾನೂನೂ ಅಲ್ಲಿಯವರೆಗೆ.

ಎರಡನೆಯ ವಿಧಿ ಇದರ ಹೃದಯ. ಹಿಡಿಯುವ ಜೀವಿ, ಅದನ್ನು ಅವಲಂಬಿಸಿದ ಜೀವಿ, ಅದಕ್ಕೆ ಸಂಬಂಧಿಸಿದ ಜೀವಿ, ಇವುಗಳ ನಡುವಣ ಸಂಬಂಧವನ್ನು ಕಾಪಾಡಬೇಕು. ಎರಡು ಮೂರು ದಶಕಗಳಲ್ಲಿ ಸರಿಪಡಿಸಲಾಗದಂತಹ ಬದಲಾವಣೆ ಆಗಕೂಡದು. ಆದರೆ ಅದೇ ವಿಧಿಯಲ್ಲಿ, ಸಂರಕ್ಷಣೆ ಎಂದರೆ ವಿವೇಕಯುತ ಬಳಕೆಯೂ ಸೇರಿದೆ ಎಂಬ ವಾಕ್ಯವಿದೆ. ಮೀನುಗಾರ ರಾಷ್ಟ್ರಗಳು ಸಹಿ ಹಾಕಲು ಈ ವಾಕ್ಯ ಬೇಕಿತ್ತು. ಇಂದಿನ ಜಗಳಗಳೆಲ್ಲ ಅದರ ಅರ್ಥದ ಸುತ್ತಲೇ ಸುತ್ತುತ್ತವೆ.

ಕಾನೂನು ಬದಲಾದಾಗ ವಿಜ್ಞಾನದ ಪ್ರಶ್ನೆಯೂ ಬದಲಾಯಿತು. ಹಿಂದೆ ತಿಮಿಂಗಿಲ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದರು. ಈಗ ಕ್ರಿಲ್‌ನಲ್ಲಿ ಯಾರ ಪಾಲು ಎಷ್ಟು ಎಂದು ಕೇಳಬೇಕಾಯಿತು. 1980-81ರಲ್ಲಿ ಹಲವು ರಾಷ್ಟ್ರಗಳ ಹಡಗುಗಳು ಒಂದೇ ಯೋಜನೆಯಡಿ ಶಬ್ದತರಂಗಗಳಿಂದ ಕ್ರಿಲ್ ಗುಂಪುಗಳನ್ನು ಅಳೆದವು. ಮುಂದೆ ಪೆಂಗ್ವಿನ್ ಮರಿ ಗೂಡು ಬಿಡುವಾಗ ಎಷ್ಟು ತೂಗುತ್ತದೆ, ತಾಯಿ ತಂದೆ ಆಹಾರಕ್ಕಾಗಿ ಎಷ್ಟು ಹೊತ್ತು ಕಡಲಲ್ಲಿರುತ್ತವೆ ಎಂಬುದನ್ನೂ ವರ್ಷವರ್ಷವೂ ದಾಖಲಿಸುವ ವ್ಯವಸ್ಥೆ ಬಂತು. ಮರಿ ಬಡಕಲಾದರೆ ಸಮುದ್ರದಲ್ಲಿ ಏನೋ ಕಡಿಮೆಯಾಗಿದೆ ಎಂದರ್ಥ.

ಪಾಲಿನ ಲೆಕ್ಕವಂತೂ ನನಗೆ ಬಹಳ ಹಿಡಿಸಿತು. ಕ್ರಿಲ್ ಒಂದನ್ನೇ ನೋಡಿದರೆ, ಮೊಟ್ಟೆಯಿಡುವ ಸಂತತಿಯ ಅರ್ಧದಷ್ಟು ಉಳಿದರೆ ಸಾಕು. ತಿನ್ನುವ ಪ್ರಾಣಿಗಳನ್ನಷ್ಟೇ ನೋಡಿದರೆ ನೂರಕ್ಕೆ ನೂರೂ ಉಳಿಯಬೇಕು. ಎರಡರ ನಡುವೆ ನಿಖರವಾದ ಅಂಕಿಯನ್ನು ಯಾರೂ ಹೇಳಲಾರದೆ ಹೋದಾಗ, ಸರಿಯಾಗಿ ಮಧ್ಯದ 75 ಪ್ರತಿಶತವನ್ನು ಆರಿಸಿಕೊಂಡರು. ಹಳ್ಳಿಯ ಪಂಚಾಯಿತಿಯ ಹಿರಿಯರೂ ಹೀಗೆಯೇ ತೀರ್ಪು ಕೊಡುತ್ತಿದ್ದರೇನೋ!

2000ದಲ್ಲಿ ಜಪಾನ್, ರಷ್ಯಾ, ಬ್ರಿಟನ್, ಅಮೆರಿಕಗಳ ನಾಲ್ಕು ಹಡಗುಗಳು ಅಟ್ಲಾಂಟಿಕ್ ಕಡೆಯ ದಕ್ಷಿಣ ಸಾಗರವನ್ನು ಅಳೆದವು. ಆ ಮಾಹಿತಿಯ ಮರುಲೆಕ್ಕದಲ್ಲಿ ಅಲ್ಲಿ ಸುಮಾರು 6 ಕೋಟಿ ಟನ್ ಕ್ರಿಲ್ ಇದೆಯೆಂದಾಯಿತು. ಸೂತ್ರದ ಪ್ರಕಾರ 56 ಲಕ್ಷ ಟನ್ ಹಿಡಿಯಬಹುದು. ಆದರೆ ಹಿಡಿಯಲು ಬಿಟ್ಟದ್ದು 6 ಲಕ್ಷದ 20 ಸಾವಿರ ಟನ್ ಮಾತ್ರ. ಬೇಟೆಯೆಲ್ಲ ಪೆಂಗ್ವಿನ್ ನೆಲೆಗಳ ಪಕ್ಕದಲ್ಲೇ ನಡೆದರೆ ಒಟ್ಟು ಲೆಕ್ಕ ಸರಿಯಿದ್ದೂ ಮರಿಗಳು ಉಪವಾಸ ಬೀಳಬಹುದು. ಆದ್ದರಿಂದ ಹಂಚಿಕೆ ನಿರ್ಧಾರವಾಗುವ ತನಕ ಈ ತಡೆ. 2009ರಲ್ಲಿ ಆ ಮಿತಿಯನ್ನು ನಾಲ್ಕು ಉಪವಲಯಗಳಿಗೆ ತಾತ್ಕಾಲಿಕವಾಗಿ ಹಂಚಲಾಯಿತು.

ನನ್ನ ಆಕ್ಷೇಪವೊಂದಿದೆ. ಇಷ್ಟು ಶ್ರದ್ಧೆಯಿಂದ ತೂಗಿದ ಮರಿಗಳ ತೂಕ, ಹಿಡಿಯುವ ಪ್ರಮಾಣವನ್ನು ತಾನಾಗಿ ಏರಿಸಿ ಇಳಿಸುವ ನಿಯಮದೊಳಗೆ ಇನ್ನೂ ಸೇರಿಲ್ಲ. ಥರ್ಮಾಮೀಟರ್ ಇಟ್ಟರು, ಜ್ವರ ಬಂದಾಗ ಏನು ಮಾಡಬೇಕೆಂದು ಬರೆದಿಡಲಿಲ್ಲ. ಬರೆಯಲು ಎಲ್ಲರೂ ಒಪ್ಪಬೇಕು. ಇಲ್ಲಿ ತೀರ್ಮಾನವಾಗುವುದು ಬಹುಮತದಿಂದಲ್ಲ, ಸರ್ವಸಮ್ಮತಿಯಿಂದ. 2024ರ ಹೊತ್ತಿಗೆ ಸದಸ್ಯರು 27, ಅವರಲ್ಲಿ ಒಬ್ಬರು ಬೇಡವೆಂದರೂ ಮುಗಿಯಿತು. ಇದೇ ಸಮ್ಮತಿಯಿಂದ 2016ರಲ್ಲಿ ರಾಸ್ ಸಮುದ್ರದ ಸುಮಾರು 15 ಲಕ್ಷ ಚದರ ಕಿಲೋಮೀಟರ್‌ಗಳಿಗೆ ರಕ್ಷಣೆ ದೊರೆತದ್ದೂ ಹೌದು. ಆದರೆ 2024ರ ಅಕ್ಟೋಬರ್‌ನಲ್ಲಿ ಆ ಸಮ್ಮತಿ ಒದಗಲಿಲ್ಲ. ಉಪವಲಯಗಳ ಹಂಚಿಕೆಯ ನಿಯಮ ಅವಧಿ ಮುಗಿದು ಬಿದ್ದುಹೋಯಿತು.

ಮುಂದಿನ ಋತುವಿನಲ್ಲಿ ಹಡಗುಗಳು ತಮಗೆ ಬೇಕಾದಲ್ಲಿ ಬಲೆ ಎಳೆದವು. ಒಪ್ಪಂದದ ಇತಿಹಾಸದಲ್ಲೇ ಮೊದಲ ಬಾರಿಗೆ 6 ಲಕ್ಷದ 20 ಸಾವಿರ ಟನ್ನಿನ ಮಿತಿ ಅವಧಿಗೆ ಮುನ್ನವೇ ತುಂಬಿ, 2025ರ ಆಗಸ್ಟ್‌ನಲ್ಲಿ ಆ ಋತುವಿನ ಕ್ರಿಲ್ ಬೇಟೆಯನ್ನು ನಿಲ್ಲಿಸಬೇಕಾಯಿತು.