ಚೆನ್ನೆಮಣೆಯ ಆಟಿ ತಿಂಗಳು

ತುಳುನಾಡಿನ ಮನೆಗಳಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿದ್ದುದು ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅಷ್ಟು ಹೊತ್ತಿಗೆ ನಾಟಿ ಮುಗಿದಿರುತ್ತಿತ್ತು. ಮದುವೆ, ಕೋಲಗಳಿಗೆ ಬಿಡುವು. ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಗೇ ಗೆಜ್ಜೆ ಬಿಚ್ಚಿರುತ್ತಿದ್ದವು. ಹೊರಗೆ ಬಿಡದ ಮಳೆ, ಒಳಗೆ ಹಗಲಲ್ಲೂ ಮಬ್ಬು. ಸೀಮೆಎಣ್ಣೆಯನ್ನು ದುಡ್ಡು ಕೊಟ್ಟೇ ತರಬೇಕಾದ್ದರಿಂದ ಚಿಮಣಿ ದೀಪ ಒಂದಿದ್ದರೆ ಅದು ಮೊದಲು ಅಡುಗೆಮನೆಗೆ.

ಇಂಥ ಬೆಳಕಿಗೆ ಹೇಳಿ ಮಾಡಿಸಿದ ಆಟವಿದು. ಮರದ ಮಣೆಯಲ್ಲಿ ಏಳೇಳರಂತೆ ಎರಡು ಸಾಲು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಕಾಯಿ ಎಂದರೆ ಕೆಂಪು ಮಂಜೊಟ್ಟಿ, ಇಲ್ಲವೇ ಹುಣಸೆಬೀಜ. ಒಂದು ಗುಳಿ ಬರಿದು ಮಾಡಿ ಮುಂದಿನವಕ್ಕೆ ಒಂದೊಂದೇ ಹಾಕುತ್ತ ಹೋಗಬೇಕು; ಕೈ ಖಾಲಿಯಾದಾಗ ಮುಂದಿನ ಗುಳಿಯ ಕಾಯಿ ಎತ್ತಿ ಆಟ ಮುಂದುವರಿಸಬೇಕು. ಆ ಗುಳಿಯೇ ಬರಿದಾಗಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯದನ್ನು ಗೆದ್ದುಕೊಳ್ಳುವುದು. ನುರಿತ ಹೆಂಗಸರಿಗೆ ಗುಳಿಯಲ್ಲಿ ಎಷ್ಟಿದೆಯೆಂದು ಬೆರಳೇ ಹೇಳುತ್ತಿತ್ತು. ಹಳೇ ಮೈಸೂರಿನ ಕಡೆ ಇದೇ ಅಳಗುಳಿಮಣೆ. ಅಲ್ಲಿ ಕಾಯಿಗಳ ಲೆಕ್ಕ, ನಿಯಮ ಊರಿಂದೂರಿಗೆ ಬೇರೆ.

ಹೊತ್ತು ಕಳೆಯುವ ಆಟವೆಂದು ಹಗುರವಾಗಿ ಕಾಣುವಂತಿಲ್ಲ. ತುಳುವಿನ ಜನಪದ ಕಥನಗೀತೆಯಾದ ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕಿಳಿದು, ಮಣೆಯ ಪೆಟ್ಟಿಗೆ ಒಬ್ಬಳು ಸಾಯುತ್ತಾಳೆ. ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ಕಟ್ಟಳೆಗೆ ಹಿರಿಯರು ಕೊಡುತ್ತಿದ್ದ ಕಾರಣ ಈ ಕಥೆಯೇ.

ಆಟಿಯ ಮಬ್ಬು ಕಳೆಯಬಲ್ಲ ವಿದ್ಯುತ್ತು ಹಳ್ಳಿಗೆ ತಡವಾಗಿ ಬಂತು. ಶಿವನಸಮುದ್ರದಲ್ಲಿ ಅದು ಹುಟ್ಟಿದ್ದು 1902ರಲ್ಲಿ, ಅದೂ ಕೋಲಾರದ ಚಿನ್ನದ ಗಣಿಗಳಿಗಾಗಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಬಡವರ ಗುಡಿಸಲಿಗೆ ಒಂದು ಬಲ್ಬು ಕೊಟ್ಟ ಭಾಗ್ಯಜ್ಯೋತಿ ಯೋಜನೆ ಶುರುವಾಗುವಷ್ಟರಲ್ಲಿ ಮುಕ್ಕಾಲು ಶತಮಾನ ಸರಿದಿತ್ತು. ಹಾಗೆಂದು ಮಣೆಯನ್ನು ಮೂಲೆಗೆ ತಳ್ಳಿದ್ದು ಬಲ್ಬೆನ್ನುವುದು ಸರಿಯಲ್ಲ. ಬಲ್ಬಿನ ಕೆಳಗೂ ಆಟ ಚೆನ್ನಾಗಿಯೇ ನಡೆಯುತ್ತಿತ್ತು. ಎದುರುಬದುರು ಕೂರುತ್ತಿದ್ದವರನ್ನು ಒಂದೇ ಕಡೆಗೆ ಮುಖ ಮಾಡಿಸಿದ್ದು ಟೀವಿ.

ಈಗ ಕರಾವಳಿಯ ಸಂಘಗಳು ನಡೆಸುವ ‘ಆಟಿಡೊಂಜಿ ದಿನ’ದಲ್ಲಿ ಚೆನ್ನೆಮಣೆ ಸ್ಪರ್ಧೆಯಾಗಿ ಮರಳಿದೆ. ಹಿಂದೆ ಮಣೆಯಿಲ್ಲದ ಮಕ್ಕಳು ನೆಲದ ಮಣ್ಣಿನಲ್ಲೇ ಹದಿನಾಲ್ಕು ಗುಳಿ ತೋಡಿಕೊಂಡು ಆಡುತ್ತಿದ್ದರು.